ಗುಬ್ಬಿಯ ದೀಪ

ಹಲೋ ಅತ್ತೆಗೆ ಫೋನಿನ ಮೇಲೆ ಸಿಟ್ಟಿರಲಿಲ್ಲ. ಫೋನಿನಿಂದಲೇ ಅನ್ನ ತಿಂದವಳು ಅವಳು. ಹರೆಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದವಳು ತಲೆ ಬೆಳ್ಳಗಾದ ಮೇಲೆಯೇ ಅಲ್ಲಿಂದ ಹೊರಬಿದ್ದದ್ದು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ, ಯಾರಾದರೂ ಬಾಗಿಲು ಬಡಿದರೆ ಒಳಗಿನಿಂದ "ಹಲೋ" ಎಂದೇ ಓಗೊಡುತ್ತಿದ್ದಳು. ಮನೆಮಂದಿ ಆ ಹೆಸರಿಟ್ಟದ್ದು ಅದಕ್ಕೇ. ಅವಳ ಸಿಟ್ಟೆಲ್ಲ ಇದ್ದದ್ದು ಫೋನಿನೊಳಗಿನ ಕೆಂಪು ಹೃದಯಗಳ ಮೇಲೆ. ಯಾರೋ ತೀರಿಕೊಂಡರೂ ಹೃದಯ, ಯಾರೋ ಹೊಸ ಚಪ್ಪಲಿ ಕೊಂಡರೂ ಹೃದಯ.

"ಪುಕ್ಕಟೆ ಸಿಗುತ್ತೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹಂಚೋದು," ಎಂದು ಅವಳು ಮೂಗು ಮುರಿಯುತ್ತಿದ್ದಳು. "ಸೋಫಾ ಮೇಲೆ ಮಲಗಿಕೊಂಡು ಬೆರಳು ತಾಗಿಸಿದ್ರೆ ಬೆಂಬಲ ಕೊಟ್ಟ ಹಾಗಾಯ್ತಾ? ಎದ್ದು ಬಂದು ಪಕ್ಕದಲ್ಲಿ ನಿಲ್ಲಬೇಕು."

ಈ ಮಾತು ಮನೆಯಲ್ಲಿ ಹೊಸದಲ್ಲ. ಆದರೆ ಈ ವಾರ ಅದನ್ನು ಕೇಳುವವರಿಗೆ ಅದು ಬೇರೆಯೇ ಜಾಗಕ್ಕೆ ನಾಟುತ್ತಿತ್ತು.

ಕೇಳುತ್ತಿದ್ದವಳು ಅಣ್ಣನ ಮಗಳು. ಆರಡಿಗೆ ಒಂದಿಷ್ಟೇ ಕಡಿಮೆ ಎತ್ತರದ, ಅಗಲ ಭುಜದ ಆಳು. ಆದರೂ ಅತ್ತೆಯ ಬಾಯಲ್ಲಿ ಇಂದಿಗೂ ಅವಳು ಪುಟ್ಟಿ. ನಗರ ಸಾರಿಗೆಯಲ್ಲಿ ಬಸ್ಸಿನ ಡ್ರೈವರು. ಕೆಲಸ ಸಿಕ್ಕಂದಿನಿಂದ ಅತ್ತೆಯ ಮನೆಯಲ್ಲೇ ಇದ್ದಾಳೆ. ಮದುವೆಯಾಗದ ಅತ್ತೆಗೆ ಅವಳೊಂದು ಆಸರೆ ಎಂದು ನೆಂಟರು ಹೇಳುತ್ತಾರೆ. ಯಾರು ಯಾರಿಗೆ ಆಸರೆ ಎಂಬುದು ಅಡುಗೆಮನೆಗೆ ಹೋಗಿ ನೋಡಿದವರಿಗೆ ಗೊತ್ತು.

ಆದದ್ದು ಇಷ್ಟು. ಪುಟ್ಟಿಯ ಬಸ್ಸಿನ ಬ್ರೇಕು ಕೈಕೊಡುತ್ತಿತ್ತು. ಒತ್ತಿದರೆ ಪೆಡಲು ನೆಲಕ್ಕೆ ಅಂಟುತ್ತಿತ್ತು, ಬಸ್ಸು ಮಾತ್ರ ನಿಲ್ಲಬೇಕೋ ಬೇಡವೋ ಎಂದು ಯೋಚನೆ ಮಾಡುತ್ತಿತ್ತು. ಅವಳು ಹೇಳಿದಳು, ಡಿಪೋದ ಮೆಕ್ಯಾನಿಕ್ಕೂ ನೋಡಿ ಹೌದೆಂದ. ಡಿಪೋ ಮ್ಯಾನೇಜರು ಮಾತ್ರ, "ಬಸ್ಸು ಕಡಿಮೆ ಇದೆ, ಇವತ್ತೊಂದು ದಿನ ಹೇಗೋ ತೆಗಿ," ಎಂದ. ಹಿಂದಿನ ದಿನವೂ ಅವನು ಅದನ್ನೇ ಅಂದಿದ್ದ. ಅದರ ಹಿಂದಿನ ದಿನವೂ. ಪುಟ್ಟಿ ಬಸ್ಸನ್ನು ಡಿಪೋದ ಗೇಟಿನವರೆಗೆ ಮೆಲ್ಲಗೆ ತಂದಳು, ಹಾಡಹಗಲಲ್ಲೇ ಹೆಡ್‌ಲೈಟ್ ಹಾಕಿದಳು, ಎಂಜಿನ್ ಆರಿಸಿದಳು, ಕೀ ಜೇಬಿಗಿಳಿಸಿ ಕೆಳಗಿಳಿದಳು. ಅವಳ ಹಿಂದೆ ಬಸ್ಸುಗಳು ಬಾಲದಂತೆ ನಿಂತವು.

"ಇದರಲ್ಲಿ ನಮ್ಮತ್ತೇನ ಕೂರಿಸಲ್ಲ ನಾನು. ಇನ್ನೊಬ್ಬರ ಅತ್ತೇನ ಹೇಗೆ ಕೂರಿಸಲಿ?" ಎಂದು ಮ್ಯಾನೇಜರಿಗೆ ಹೇಳಿ, ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಳು.

ಅವಳ ಕಂಡಕ್ಟರು ಅದನ್ನೊಂದು ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿದ. ಗೇಟಿಗೆ ಅಡ್ಡ ನಿಂತ ಬಸ್ಸು, ಬಿಸಿಲಲ್ಲಿ ಉರಿಯುವ ಎರಡು ದೀಪ. ಮಧ್ಯಾಹ್ನದ ಹೊತ್ತಿಗೆ ಪುಟ್ಟಿ ಸಸ್ಪೆಂಡ್ ಆದಳು. ಸಂಜೆಯ ಹೊತ್ತಿಗೆ ಆ ಚಿತ್ರ ಊರೆಲ್ಲ ಸುತ್ತಿತು. ಕಂಡು ಕೇಳರಿಯದವರೆಲ್ಲ ಫೇಸ್‌ಬುಕ್ಕಿನಲ್ಲಿದ್ದ ತಮ್ಮ ಮುಖದ ಫೋಟೋ ಕಿತ್ತುಹಾಕಿ, ಆ ಜಾಗದಲ್ಲಿ ಹೆಡ್‌ಲೈಟ್ ಹಾಕಿದ ಬಸ್ಸನ್ನು ಇಟ್ಟುಕೊಂಡರು. ತರಕಾರಿ ಅಂಗಡಿಯವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರೂ ಫೋನಿನಲ್ಲಿ ಬಸ್ಸಾಗಿಬಿಟ್ಟರು.

ಈಗ ನಾಳೆ ಬೆಳಿಗ್ಗೆ ವಿಚಾರಣೆ. ಮ್ಯಾನೇಜರು ಒಳಗಿಂದೊಳಗೆ ಹೇಳಿ ಕಳಿಸಿದ್ದ: ಬ್ರೇಕು ಸರಿಯಾಗೇ ಇತ್ತು, ನಾನೇ ತಪ್ಪು ತಿಳಿದೆ, ಕ್ಷಮಿಸಿ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದರೆ ಮರುದಿನವೇ ಕೆಲಸಕ್ಕೆ ಬರಬಹುದು. ಸಹಿ ಹಾಕಿದರೆ ಆ ಬಸ್ಸೂ ಮರುದಿನವೇ ರಸ್ತೆಗಿಳಿಯುತ್ತದೆ. ಹಾಕದಿದ್ದರೆ ಪುಟ್ಟಿಯ ಗತಿ ಏನೋ, ಹೇಳಬರುವುದಿಲ್ಲ.

ಆ ಸಂಜೆ ಪುಟ್ಟಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುದುಡಿಕೊಂಡು ಕೂತು ಫೋನಿನಲ್ಲಿ ಹೆಸರುಗಳನ್ನು ಮೇಲಕ್ಕೆ ತಳ್ಳುತ್ತಿದ್ದಳು. ತಳ್ಳಿದಷ್ಟೂ ಹೆಸರುಗಳು. ಎದುರಿಗಿಟ್ಟ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಹಲೋ ಅತ್ತೆ ಒಗೆದ ಬಟ್ಟೆ ಮಡಿಸುತ್ತ ವಾರೆಗಣ್ಣಿನಲ್ಲಿ ನೋಡುತ್ತಿದ್ದಳು. ನೋಡಿ ಸುಮ್ಮನಿರುವ ಜಾಯಮಾನ ಅವಳದಲ್ಲ.

"ಏನು, ಹೆಸರು ಎಣಿಸ್ತಿದ್ದೀಯಾ?"

"ಇಲ್ಲ ಅತ್ತೆ, ಸುಮ್ನೆ ನೋಡ್ತಿದ್ದೀನಿ."

"ಅಷ್ಟೊಂದು ಜನ ಬಸ್ಸಿನ ಚಿತ್ರ ಹಾಕ್ಕೊಂಡಿದಾರಲ್ಲ, ನಾಳೆ ಅದರಲ್ಲಿ ಒಬ್ಬರಾದ್ರೂ ಡಿಪೋ ಹತ್ರ ಬರ್ತಾರಾ ಕೇಳು. ನಾಡಿದ್ದು ಯಾರದೋ ಬೆಕ್ಕು ಕಳೆದುಹೋಯ್ತು ಅಂತ ಬೆಕ್ಕಿನ ಚಿತ್ರ ಹಾಕ್ಕೋತಾರೆ."

ಪುಟ್ಟಿ ಇನ್ನೊಂದಿಷ್ಟು ಹೆಸರು ಮೇಲಕ್ಕೆ ತಳ್ಳಿದಳು. ಅತ್ತೆಗೆ ಅಷ್ಟು ಸಾಲದೆ ಇನ್ನೊಂದು ಸುತ್ತು ಶುರುಮಾಡಿದಳು. ಆಗ ಪುಟ್ಟಿ ಫೋನನ್ನು ಮೊಣಕಾಲ ಮೇಲೆ ಬೋರಲು ಹಾಕಿ ಹೇಳಿದಳು:

"ನಿನ್ನ ದೀಪಗಳೂ ಇದೇ ತಾನೇ ಅತ್ತೆ?"

ಅತ್ತೆಯ ಕೈಯಲ್ಲಿದ್ದ ಟವೆಲು ಅರ್ಧ ಮಡಿಕೆಯಲ್ಲೇ ನಿಂತಿತು.

ದೀಪಗಳ ಕಥೆ ಕೇಳದವರು ಆ ವಂಶದಲ್ಲಿ ಇರಲಿಲ್ಲ. ಹುಟ್ಟಿದ ಮಗುವನ್ನು ನೋಡಲು ಬಂದರೂ ಹಲೋ ಅತ್ತೆ ಅದನ್ನು ಹೇಳಿಯೇ ಎದ್ದು ಹೋಗುತ್ತಿದ್ದಳು.

ಎಕ್ಸ್‌ಚೇಂಜಿನ ಆ ಕೋಣೆ ಉದ್ದಕ್ಕೆ ರೈಲಿನ ಬೋಗಿಯಂತಿತ್ತು. ಗೋಡೆಗೆ ಒರಗಿಸಿದಂತೆ ಸಾಲು ಬೋರ್ಡುಗಳು, ಒಂದೊಂದರ ಮುಂದೆ ಒಂದೊಂದು ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಒಬ್ಬೊಬ್ಬ ಹುಡುಗಿ. ಕಿವಿಗೆ ಹೆಡ್‌ಸೆಟ್, ಎರಡೂ ಕೈಗೆ ಪ್ಲಗ್ಗು ವೈರುಗಳು, ಎದುರಿಗೆ ನೂರಾರು ತೂತು, ತೂತಿಗೊಂದು ಪುಟ್ಟ ದೀಪ. ವೈರನ್ನು ತೂತಿಗೆ ಸಿಕ್ಕಿಸಿ, ಫೋನು ಮಾಡಿದವರಿಗೆ ಲೈನು ಜೋಡಿಸಿಕೊಡುವುದು ಅವರ ಕೆಲಸ. ಬಿಸಿಯಾದ ವೈರು, ತಲೆಗೆ ಹಚ್ಚಿದ ಎಣ್ಣೆ, ಮುಖಕ್ಕೆ ಬಳಿದ ಪೌಡರು, ಎಲ್ಲ ಸೇರಿ ಒಂದು ವಾಸನೆ ಇತ್ತು ಆ ಕೋಣೆಗೆ. ಈಗಲೂ ಇಸ್ತ್ರಿ ಪೆಟ್ಟಿಗೆ ಕಾದಾಗ ಒಂದು ಗಳಿಗೆ ಆ ವಾಸನೆ ಬಂದಂತಾಗಿ, ಹಲೋ ಅತ್ತೆ ಬಟ್ಟೆ ಸುಟ್ಟುಕೊಂಡದ್ದಿದೆ.

ಪಕ್ಕದವಳ ಜೊತೆ ಮಾತಾಡುವಂತಿರಲಿಲ್ಲ. ಬೆನ್ನ ಹಿಂದೆ ಸೂಪರ್‌ವೈಸರು ಗಸ್ತು ತಿರುಗುತ್ತಿದ್ದಳು. ಹುಡುಗಿಯರು ಅವಳಿಗಿಟ್ಟ ಹೆಸರು ಶಿಸ್ತಮ್ಮ. ಮಾತಿಗೆ ಬೀಗ ಬಿದ್ದ ಮೇಲೆ ಹುಡುಗಿಯರು ಬೇರೆ ದಾರಿ ಹುಡುಕಿದರು. ಒಬ್ಬರ ಬೋರ್ಡಿನಿಂದ ಇನ್ನೊಬ್ಬರ ಬೋರ್ಡಿಗೆ ಲೈನು ಕೊಡಲು ಒಂದು ಕೀ ಇತ್ತು. ಒತ್ತಿದರೆ ಆ ಬೋರ್ಡಿನ ಮೇಲ್ಸಾಲಿನಲ್ಲಿ ನಿಮ್ಮ ಹೆಸರಿನ ದೀಪ ಹತ್ತುತ್ತದೆ. ಮತ್ತೊಮ್ಮೆ ಒತ್ತಿದರೆ ಆರುತ್ತದೆ. ಹೀಗೆ ಮಿಣಕ್ಕೆನ್ನಿಸಿಯೇ ಕಾಫಿಗೆ ಕರೆಯುತ್ತಿದ್ದರು, ಶಿಸ್ತಮ್ಮ ಬಂದಳೆಂದು ಎಚ್ಚರಿಸುತ್ತಿದ್ದರು, ಮುಡಿದ ಹೂ ಚೆನ್ನಾಗಿದೆ ಎಂದು ಹೇಳುತ್ತಿದ್ದರು. ಆದರೆ ಎರಡನೇ ಸಲ ಒತ್ತುವುದನ್ನು ಮರೆಯುವಂತೆಯೇ ಇಲ್ಲ. ದೀಪ ಉರಿಯಲು ಬಿಟ್ಟರೆ ಲೈನು ಕಟ್ಟಿಹಾಕಿದಂತೆ. ಅದು ಅಲ್ಲಿಯ ದೊಡ್ಡ ಅಪರಾಧ. ಕೆಲಸಕ್ಕೆ ಸೇರಿದ ಮೊದಲ ವಾರವೇ ಬೆರಳಿಗೆ ಆ ಪಾಠ ಹೊಡೆದು ಕಲಿಸುತ್ತಿದ್ದರು: ಒತ್ತು, ಒತ್ತು, ಕೈ ತೆಗಿ.

ಒಂದು ದಿನ ದೊಡ್ಡ ಮನುಷ್ಯನೊಬ್ಬ ಲೈನು ಸಿಗುವುದು ತಡವಾಯಿತೆಂದು ಹಲೋ ಅತ್ತೆಗೆ ಬಾಯಿಗೆ ಬಂದಂತೆ ಬೈದ. ಬೈಗುಳವೆಂದರೆ ಬರಿಯ ಬೈಗುಳವಲ್ಲ, ಮನೆಗೆ ಬಂದು ತಾಯಿಗೂ ಹೇಳಲಾಗದಂಥದ್ದು. ಅವಳು ಪ್ಲಗ್ಗು ಕಿತ್ತು ಲೈನು ಕಡಿದಳು. ಆಪರೇಟರು ತಾನಾಗಿ ಲೈನು ಕಡಿಯುವಂತಿಲ್ಲ ಎಂಬುದು ವೇದವಾಕ್ಯವಾಗಿದ್ದ ಕಾಲ ಅದು. ಸ್ವಲ್ಪ ಹೊತ್ತಿಗೆ ದೊಡ್ಡ ಸಾಹೇಬರೇ ಕೋಣೆಗೆ ಬಂದರು. ಆ ಮನುಷ್ಯ ಮತ್ತೆ ಲೈನಿನಲ್ಲಿದ್ದಾನೆ, ಎಲ್ಲರ ಮುಂದೆ, ಈಗಲೇ, ತಪ್ಪಾಯ್ತು ಎಂದು ಹೇಳು ಎಂದರು. ಮನೆಯಲ್ಲಿ ಅವಳ ಸಂಬಳವನ್ನೇ ನಂಬಿದವರಿದ್ದರು. ಹೇಳಿಬಿಡೋಣವೆಂದು ಬಾಯಿ ತೆರೆದಳು.

ಆಗ ಬೋರ್ಡಿನ ಮೇಲ್ಸಾಲಿನಲ್ಲಿ ಒಂದು ದೀಪ ಹತ್ತಿತು. ಆರಲಿಲ್ಲ. ಅದರ ಪಕ್ಕದ್ದು ಹತ್ತಿತು. ಅದೂ ಆರಲಿಲ್ಲ. ಅತ್ತ ಕಡೆಯಿಂದ ಇತ್ತ ಕಡೆಗೆ ಸಾಲಿಡೀ ಹತ್ತುತ್ತ ಬಂತು. ಯಾರೂ ತಲೆ ತಿರುಗಿಸಲಿಲ್ಲ, ಯಾರೂ ಕೆಮ್ಮಲಿಲ್ಲ. ಎಲ್ಲರೂ ಒಂದೊಂದೇ ಸಲ ಒತ್ತಿ ಕೈ ತೆಗೆದಿದ್ದರು.

ಹಲೋ ಅತ್ತೆ ತೆರೆದ ಬಾಯಿ ಮುಚ್ಚಿದಳು. ತಪ್ಪಾಯ್ತು ಎನ್ನಲಿಲ್ಲ. ಅವಳನ್ನು ಬೋರ್ಡಿನಿಂದ ಎಬ್ಬಿಸಿ ದೂರು ವಿಭಾಗಕ್ಕೆ ಹಾಕಿದರು. ದಿನವಿಡೀ ಊರಿನವರ ಬೈಗುಳ ಕೇಳುವುದೇ ಅಲ್ಲಿಯ ಕೆಲಸ. ಎರಡು ವರ್ಷ ಅಲ್ಲಿ ಸವೆದಳು. ಅಂದರೆ ದೀಪಗಳಿಂದ ಆದದ್ದೇನೂ ಇಲ್ಲ. ಆದರೂ ಆ ಕಥೆ ಹೇಳುವಾಗ ಅವಳ ಮುಖ ನೋಡಬೇಕಿತ್ತು.

"ಅದೂ ಇದೂ ಒಂದೇನಾ?" ಎಂದು ಈಗ ಅವಳು ಟವೆಲನ್ನು ಪುಟ್ಟಿಯ ಮುಂದೆ ಕೊಡವಿದಳು. "ಅವರು ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಒತ್ತಿದ್ರು. ಇವರಿಗೆ ಏನು ಹೋಗುತ್ತೆ? ಉಗುರು ಸವೆಯುತ್ತಾ?"

"ಎಲ್ಲರಿಗೂ ಹಾಗಲ್ಲ ಅತ್ತೆ. ನಮ್ಮ ಮೆಕ್ಯಾನಿಕ್ ಮೊದಲನೇ ದಿನ ಹಾಕಿದ್ದ. ಸಾಯಂಕಾಲಕ್ಕೆ ತೆಗೆದುಬಿಟ್ಟ. ಮ್ಯಾನೇಜರು ಯಾರ್ಯಾರು ಹಾಕಿದ್ದಾರೆ ಅಂತ ಹುಡುಕ್ತಿದ್ದಾರಂತೆ." ಪುಟ್ಟಿ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಅವನು ತೆಗೆದದ್ದು ನನಗೆ ಅರ್ಥ ಆಗುತ್ತೆ. ನೀನು ಯಾಕೆ ತೆಗೆದೆ ಅಂತ ಗೊತ್ತಾಗಲಿಲ್ಲ."

"ನಾನಾ?"

"ಹೂಂ. ನೀನು ಒತ್ತಿದ್ದು ನನ್ನ ಫೋನಿಗೆ ಬಂತು. ಹಲೋ ಅತ್ತೆ ಅಂತ ಹೆಸರು ಬಂತು. ಎಷ್ಟು ಖುಷಿ ಆಯ್ತು ಅಂತೀಯ! ತೆಗೆದು ನೋಡಿದ್ರೆ ಇಲ್ಲ. ನಾನು ಮಾಡಿದ್ದು ತಪ್ಪು ಅಂತ ಮನಸ್ಸು ಬದಲಾಯ್ಸಿದ್ದೀಯ ಅಂದ್ಕೊಂಡೆ. ಅವತ್ತು ಬೈದೆಯಲ್ಲ, ಮೇಲಿನವರನ್ನ ಯಾಕೆ ಎದುರು ಹಾಕ್ಕೊಂಡೆ ಅಂತ. ಆಮೇಲೂ ದಿನಾ ಒಂದೊಂದು ಸಲ ನೋಡ್ತೀನಿ, ಮತ್ತೆ ಹಾಕಿದ್ದೀಯೇನೋ ಅಂತ. ಈಗಲೂ ಅದನ್ನೇ ನೋಡ್ತಿದ್ದೆ."

ಹಲೋ ಅತ್ತೆ ಟವೆಲು ಕೆಳಗಿಟ್ಟಳು. ಊರಿನವರೆಲ್ಲ ತುಂಬಿದ ಆ ಸಂತೆಯಲ್ಲಿ ಹುಡುಗಿ ಹುಡುಕುತ್ತಿದ್ದದ್ದು ತನ್ನ ಹೆಸರನ್ನೇ!

"ಒತ್ತಿದ್ದೀನಲ್ಲೇ!" ಎಂದಳು. ದನಿ ತಾನಾಗೇ ಏರಿತು. "ಬೈದದ್ದು ಹೌದು, ಹೆದರಿಕೆಗೆ ಬೈದೆ. ಆಮೇಲೆ ಬಚ್ಚಲಮನೆಗೆ ಹೋಗಿ ಒತ್ತಿದ್ದೆ. ಹೃದಯ ಕೆಂಪಗಾದದ್ದು ಈ ಕಣ್ಣಾರೆ ಕಂಡಿದ್ದೀನಿ. ನೋಡಿಲ್ಲಿ!"

ಕನ್ನಡಕ ಮೂಗಿಗೇರಿಸಿ, ತನ್ನ ಫೋನು ತೆಗೆದು, ಬಸ್ಸಿನ ಚಿತ್ರ ಹುಡುಕಿ, ತೋರುಬೆರಳನ್ನು ನೆಟ್ಟಗೆ ಮಾಡಿ ಒತ್ತಿದಳು. ಹೃದಯ ಕೆಂಪಗಾಯಿತು. "ನೋಡು," ಎಂದಳು. ಎನ್ನುತ್ತಿದ್ದಂತೆಯೇ ಬೆರಳು ಇನ್ನೊಮ್ಮೆ ಇಳಿಯಿತು. ಹೃದಯ ಬೆಳ್ಳಗಾಯಿತು. ಬೆರಳು ಮಡಿಲಿಗೆ ಬಂದು ಶಿಸ್ತಾಗಿ ಕೂತಿತು.

ಇಬ್ಬರೂ ಪರದೆ ನೋಡಿದರು.

"ಇನ್ನೊಂದು ಸಲ ಮಾಡು," ಎಂದಳು ಪುಟ್ಟಿ.

ಒತ್ತು, ಒತ್ತು, ಕೈ ತೆಗಿ.

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಒಂದು ವಾರದಿಂದ ಗಂಟು ಹಾಕಿಕೊಂಡಿದ್ದ ಮುಖ ಬಿಚ್ಚಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅತ್ತೆ, ಎರಡನೇ ಸಲ ಒತ್ತಿದ್ರೆ ಹೋಗಿಬಿಡುತ್ತೆ. ಇದು ನಿಮ್ಮ ಬೋರ್ಡಲ್ಲ!" ಹಲೋ ಅತ್ತೆ ಬೆಪ್ಪಾಗಿ ತನ್ನ ಬೆರಳನ್ನೇ ನೋಡಿದಳು. ಹಾಗಾದರೆ ಅಣ್ಣನ ಮೊಮ್ಮಗಳ ಹುಟ್ಟಿದ ಹಬ್ಬಕ್ಕೆ ಒತ್ತಿದ್ದು, ಎದುರುಮನೆಯ ಮಾಸ್ತರರು ಆಸ್ಪತ್ರೆಯಿಂದ ಬಂದಾಗ ಒತ್ತಿದ್ದು? ಇಷ್ಟು ವರ್ಷ ಬೈದುಕೊಂಡೇ ಕದ್ದು ಒತ್ತಿದ್ದೆಲ್ಲ ಯಾರಿಗೂ ಮುಟ್ಟಲೇ ಇಲ್ಲ. ಎಲ್ಲರಿಗೂ ಕೊಟ್ಟು ಕಿತ್ತುಕೊಂಡವಳಾದಳು.

ಕೊನೆಗೆ ಪುಟ್ಟಿಯೇ ಅತ್ತೆಯ ಬೆರಳು ಹಿಡಿದು ಒಂದು ಸಲ ಒತ್ತಿಸಿ, ಕೂಡಲೇ ಮೇಲೆತ್ತಿದಳು. ಹೃದಯ ಕೆಂಪಗೇ ಉಳಿಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪುಟ್ಟಿ ಮುಖ ತೊಳೆಯಲು ಒಳಗೆ ಹೋದ ಮೇಲೂ ಹಲೋ ಅತ್ತೆ ಫೋನು ಹಿಡಿದು ಹಾಗೇ ಕೂತಿದ್ದಳು. ಒತ್ತಿದ್ದು ಮುಟ್ಟದೇ ಹೋಗಬಹುದು ಎಂಬ ವಿಷಯ ಅವಳ ತಲೆಯೊಳಗೆ ಹೊಕ್ಕು, ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದ ಒಂದು ಬಾಗಿಲನ್ನು ತಳ್ಳತೊಡಗಿತ್ತು.

ಯಾಕೆಂದರೆ ದೀಪಗಳ ಕಥೆಯಲ್ಲಿ ಅವಳು ಯಾರಿಗೂ ಹೇಳದ ಒಂದು ತುಣುಕಿತ್ತು. ಸಾಲಿಡೀ ಹತ್ತಿತು ಎಂಬುದು ನಿಜವಲ್ಲ. ಒಂದು ದೀಪ ಹತ್ತಿರಲಿಲ್ಲ. ಅದು ಗುಬ್ಬಿಯದು.

ಗುಬ್ಬಿ ಎಡಗಡೆಯ ಸ್ಟೂಲಿನವಳು. ಗಿಡ್ಡಗೆ, ಸಣ್ಣಗೆ, ಸದಾ ಚಿಲಿಪಿಲಿ. ಸ್ಟೂಲಿಗೆ ಹತ್ತಲು ಅವಳಿಗೊಂದು ಮಣೆ ಬೇಕಾಗುತ್ತಿತ್ತು. ಹಲೋ ಅತ್ತೆಯೂ ಅವಳೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಒಂದೇ ಡಬ್ಬಿಯಲ್ಲಿ ಉಂಡವರು, ಒಂದೇ ಛತ್ರಿಯಲ್ಲಿ ಬಸ್ ಸ್ಟಾಪಿಗೆ ನಡೆದವರು. ಉಳಿದೆಲ್ಲ ದೀಪಗಳು ಹತ್ತಿದ್ದನ್ನು ಕಂಡು ಹಲೋ ಅತ್ತೆಗೆ ಎಷ್ಟು ಧೈರ್ಯ ಬಂದಿತೋ, ಆ ಒಂದು ಕತ್ತಲೆಯ ಚುಕ್ಕೆಯನ್ನು ಕಂಡು ಅಷ್ಟೇ ನೋವಾಯಿತು. ಅವಳು ಕೇಳಲಿಲ್ಲ, ಗುಬ್ಬಿ ಹೇಳಲಿಲ್ಲ. ಮಾತು ಬಿಡಲಿಲ್ಲ, ಆದರೆ ಮಾತಿನಲ್ಲಿ ಮೊದಲಿನ ಉಪ್ಪು ಖಾರ ಉಳಿಯಲಿಲ್ಲ. ಮದುವೆಗಳಲ್ಲಿ ಸಿಕ್ಕರೆ ಹಲ್ಲು ಕಿರಿದು ನಕ್ಕು, ಆರೋಗ್ಯ ವಿಚಾರಿಸಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು. ಈಗ ಹಳೆಯ ಆಪರೇಟರುಗಳ ವಾಟ್ಸಾಪ್ ಗುಂಪಿನಲ್ಲಿ ಗುಬ್ಬಿ ದಿನಾ ಬೆಳಿಗ್ಗೆ ಒಂದು ಹೂವಿನ ಚಿತ್ರ ಕಳಿಸುತ್ತಾಳೆ. ಹಲೋ ಅತ್ತೆ ಒಂದಕ್ಕೂ ಉತ್ತರ ಕೊಟ್ಟವಳಲ್ಲ.

ಆ ಬೋರ್ಡುಗಳಲ್ಲಿ ಬಲ್ಬು ಹೋಗುವುದೇನು ಅಪರೂಪವೇ? ವಾರಕ್ಕೊಂದು ಹೋಗುತ್ತಿತ್ತು. ಗುಬ್ಬಿ ಒತ್ತಿಯೇ ಇದ್ದರೆ? ಬಲ್ಬು ಸುಟ್ಟಿದ್ದರೆ? ಇದು ಇಷ್ಟು ವರ್ಷ ತನಗೆ ಯಾಕೆ ಹೊಳೆಯಲಿಲ್ಲ? ಹಲೋ ಅತ್ತೆಗೆ ನಾಚಿಕೆಯೂ ಆಯಿತು, ಆಸೆಯೂ ಆಯಿತು. ಆಸೆಯೇ ಹೆಚ್ಚು. ಅವಳು ನಂಬರು ಒತ್ತಿದಳು.

"ಹಲೋ," ಎಂದಳು ಗುಬ್ಬಿ. ಅದೇ ಎಕ್ಸ್‌ಚೇಂಜಿನ ಹಲೋ. ಲೋ ಎಂಬಲ್ಲಿ ಸ್ವಲ್ಪ ಎಳೆತ.

"ನಾನು ಕಣೇ."

"ಗೊತ್ತಾಯ್ತು. ನಿನ್ನ ಉಸಿರು ಕೇಳಿದ್ರೇ ಗೊತ್ತಾಗುತ್ತೆ. ಏನಾಯ್ತು? ಹುಷಾರಾಗಿದ್ದೀಯಾ?"

"ಹುಷಾರಾಗಿದ್ದೀನಿ. ಒಂದು ಮಾತು ಕೇಳಬೇಕಿತ್ತು. ಅವತ್ತು..." ದಿನವಿಡೀ ಮಾತು ಜೋಡಿಸಿಯೇ ಬದುಕಿದವಳಿಗೆ ಮಾತು ಸಿಗದಾಯಿತು. "ಅವತ್ತು ನನ್ನ ಬೋರ್ಡಲ್ಲಿ ನಿನ್ನ ದೀಪದ ಬಲ್ಬು ಹೋಗಿತ್ತೇನೇ?"

ಯಾವತ್ತು ಎಂದು ಗುಬ್ಬಿ ಕೇಳಲಿಲ್ಲ. ಆ ಕಡೆ ಎಲ್ಲೋ ನಲ್ಲಿಯ ನೀರು ಸುರಿಯುತ್ತಿತ್ತು. ಯಾರೋ ಅದನ್ನು ನಿಲ್ಲಿಸಿದರು.

"ಹೌದು ಅಂದುಬಿಡಬಹುದು," ಎಂದಳು ಗುಬ್ಬಿ. "ನೆವ ನೀನೇ ಕೈಯಾರೆ ಕೊಡ್ತಿದ್ದೀಯ. ಆದ್ರೆ ಬಲ್ಬು ಚೆನ್ನಾಗೇ ಇತ್ತು ಕಣೇ. ಅವತ್ತು ಬೆಳಿಗ್ಗೆ ಕಾಫಿಗೆ ಬಾ ಅಂತ ಒತ್ತಿದ್ದೆನಲ್ಲ, ಹತ್ತಿತ್ತು. ನೀನು ಬಂದಿದ್ದೆ."

ಹಲೋ ಅತ್ತೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"ಬೆರಳು ಕೀ ಮೇಲೇ ಇತ್ತು. ಶಿಸ್ತಮ್ಮ ನನ್ನ ಬೆನ್ನ ಹಿಂದೆ ನಿಂತಿದ್ಲು, ಅವಳ ಉಸಿರು ಕತ್ತಿಗೆ ತಾಗ್ತಿತ್ತು. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಹೆದರಿದೆ. ಅಷ್ಟೇ. ಬೇರೆ ಏನೂ ಇಲ್ಲ. ನೀನು ಯಾವತ್ತಾದ್ರೂ ಕೇಳ್ತೀಯ, ಬೈತೀಯ, ಅತ್ತುಬಿಡೋಣ ಅಂತ ಕಾದೆ. ನೀನು ಕೇಳಲೇ ಇಲ್ಲ. ದಿನಾ ಹೂ ಕಳಿಸ್ತೀನಿ, ಅದಕ್ಕೂ ಏನೂ ಅನ್ನಲ್ಲ ನೀನು."

ಆಸೆ ಪಟ್ಟಿದ್ದ ಉತ್ತರ ಅದಾಗಿರಲಿಲ್ಲ. ಆದರೂ ಹಲೋ ಅತ್ತೆಗೆ, ಬಲ್ಬು ಸುಟ್ಟಿತ್ತು ಎಂದು ಕೇಳಿದ್ದರೆ ಇಷ್ಟು ಹಗುರವಾಗುತ್ತಿರಲಿಲ್ಲವೇನೋ ಅನ್ನಿಸಿತು. ಸುಳ್ಳು ಹೇಳಲು ಬಾಗಿಲು ತೆರೆದುಕೊಟ್ಟರೂ ಒಳಗೆ ಕಾಲಿಡದ ಗುಬ್ಬಿ. ಅದೇ ಹಳೆಯ ಗುಬ್ಬಿ. ಒಂದೇ ಡಬ್ಬಿಯಲ್ಲಿ ಉಣ್ಣುವಾಗಲೂ ಕೊನೆಯ ತುತ್ತು ತಿಂದವಳು ನಾನೇ ಎಂದು ಒಪ್ಪಿಕೊಳ್ಳುತ್ತಿದ್ದವಳು.

"ನಿಮ್ಮಣ್ಣನ ಮಗಳ ಬಸ್ಸಿನ ಫೋಟೋ ನೋಡಿದೆ," ಎಂದಳು ಗುಬ್ಬಿ, ಮೂಗು ಒರೆಸಿಕೊಂಡ ಸದ್ದಿನ ನಡುವೆ. "ನೋಡಿದ ತಕ್ಷಣ ಒತ್ತಿದೆ. ಈ ಸಲ ಯಾರ ಅಪ್ಪಣೆಗೂ ಕಾಯಲಿಲ್ಲ. ಆದ್ರೆ ಗೊತ್ತಾ, ಎರಡು ಸಲ ಒತ್ತಿದ್ರೆ ಅದು ಹೋಗಿಬಿಡುತ್ತೆ! ನಮ್ಮ ಬೆರಳಿನ ಚಾಳಿ ನಿನಗೆ ಗೊತ್ತಲ್ಲ, ನಿಲ್ಲಲ್ಲ. ಅದಕ್ಕೆ ಮೂರು ಸಲ ಒತ್ತಿದೆ."

ಹಲೋ ಅತ್ತೆ ನಗತೊಡಗಿದಳು. ನಗುತ್ತ ನಗುತ್ತ ಅದು ಅಳುವಾಯಿತು, ಅಳು ಮತ್ತೆ ನಗುವಾಯಿತು. ಆ ಕಡೆ ಗುಬ್ಬಿಯೂ ಅದೇ ಮಾಡುತ್ತಿದ್ದಳು. ಮುಖ ತೊಳೆದು ಬಂದ ಪುಟ್ಟಿ, ಅತ್ತೆಗೆ ಏನಾಯಿತಪ್ಪಾ ಎಂದು ಟವೆಲು ಹಿಡಿದು ಬಾಗಿಲಲ್ಲೇ ನಿಂತಳು.

"ನಾಳೆ ಬೆಳಿಗ್ಗೆ ಅವಳ ವಿಚಾರಣೆ," ಎಂದು ಹಲೋ ಅತ್ತೆ ಫೋನು ಇಡುವ ಮುಂಚೆ ಹೇಳಿದಳು. ಬಾ ಎನ್ನಲಿಲ್ಲ. ಮೊಣಕಾಲು ನೋವಿನವಳಿಗೆ ಹಾಗನ್ನುವುದು ಸರಿಯಲ್ಲ.

ಡಿಪೋದ ಆಫೀಸು ಡೀಸೆಲ್ಲು, ಹಳೆಯ ಟೈರು, ಫಿನಾಯಿಲಿನ ವಾಸನೆಗಳ ನಡುವೆ ಇತ್ತು. ಮರುದಿನ ಅತ್ತೆ ಸೊಸೆ ಇಬ್ಬರೂ ಹೊತ್ತಿಗೆ ಮುಂಚೆಯೇ ಹೋಗಿ ವರಾಂಡದ ಮರದ ಬೆಂಚಿನಲ್ಲಿ ಕೂತರು. ಹಲೋ ಅತ್ತೆ ಹಿಂದಿನ ದಿನ ಹೇಳಿದ್ದು ಸುಳ್ಳಾಗಲಿಲ್ಲ. ಬಸ್ಸಿನ ಚಿತ್ರ ಹಾಕಿಕೊಂಡಿದ್ದ ಆ ಜನಸಾಗರದಲ್ಲಿ ಅಲ್ಲಿಗೆ ಬಂದವನು ಕಂಡಕ್ಟರು ಒಬ್ಬನೇ. ಅವನು ಗೇಟಿನಲ್ಲಿ ನಿಂತು ಕೈಯೆತ್ತಿ ಡ್ಯೂಟಿಗೆ ಹೋದ. ಮೆಕ್ಯಾನಿಕ್ಕು ಕೈಯಲ್ಲಿ ಸ್ಪ್ಯಾನರು ಹಿಡಿದು ಅಂಗಳ ದಾಟುತ್ತಿದ್ದವನು, ಇವರನ್ನು ಕಂಡು ಸರಕ್ಕನೆ ಒಂದು ಬಸ್ಸಿನ ಮರೆಗೆ ಸರಿದ. ಪುಟ್ಟಿಯ ಮುಖ ಬಾಡಿತು. ಕಾಗದ ಒಳಗೆ ಟೈಪಾಗಿ ಸಿದ್ಧವಿದೆ, ಸಹಿಯೊಂದೇ ಬಾಕಿ ಎಂದು ಗುಮಾಸ್ತ ಬಂದು ಹಲ್ಲು ಕಿರಿದು ಹೋಗಿದ್ದ.

"ಅತ್ತೆ, ಸಹಿ ಹಾಕಿಬಿಡಲಾ?" ಎಂದಳು ಪುಟ್ಟಿ. ಮಗುವಾಗಿದ್ದಾಗ ಇಂಜೆಕ್ಷನ್ನಿಗೆ ಮುಂಚೆ ಕೇಳುತ್ತಿದ್ದ ದನಿ.

ಹಲೋ ಅತ್ತೆಗೆ ಬೇಡ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲೂ ಬರಲಿಲ್ಲ. ಕೆಲಸ ಹೋದರೆ ಅನುಭವಿಸುವವಳು ಹುಡುಗಿ. "ನೀನು ಏನು ಮಾಡಿದ್ರೂ ನಾನು ಇಲ್ಲೇ ಕೂತಿರ್ತೀನಿ," ಎಂದಳು. ಒಳಗಿಂದ ಕರೆ ಬಂತು. ಪುಟ್ಟಿ ಎದ್ದಳು, ಬಾಗಿಲಲ್ಲಿ ನಿಂತು ಫೋನು ತೆಗೆದು ಏನೋ ನೋಡಿ, ಜೇಬಿಗಿಟ್ಟು ಒಳಗೆ ಹೋದಳು.

ಬೆಂಚಿನಲ್ಲಿ ಒಬ್ಬಳೇ ಉಳಿದ ಹಲೋ ಅತ್ತೆಗೆ ಕುಳಿತಲ್ಲಿ ಕೂರಲಾಗಲಿಲ್ಲ. ಆಗ ಗೇಟಿನ ಕಡೆಯಿಂದ ಗಿಡ್ಡ ಆಕೃತಿಯೊಂದು ಕೋಲೂರಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುತ್ತ, ಎಣ್ಣೆ ಚೆಲ್ಲಿದ ಜಾಗಗಳನ್ನು ತಪ್ಪಿಸಿಕೊಂಡು ಬರುವುದು ಕಾಣಿಸಿತು. ಹಲೋ ಅತ್ತೆ ಕನ್ನಡಕ ಒರೆಸಿ ಮತ್ತೆ ನೋಡಿದಳು.

"ಎರಡು ಬಸ್ಸು ಬದಲಾಯಿಸಿ ಬಂದೆ ಕಣೇ," ಎಂದಳು ಗುಬ್ಬಿ. "ಎರಡರ ಬ್ರೇಕೂ ಚೆನ್ನಾಗಿತ್ತು." ಬಲಗಡೆ ಬೇಕಾದಷ್ಟು ಜಾಗವಿದ್ದರೂ ಸುತ್ತಿ ಬಂದು ಎಡಗಡೆಗೇ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.

ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಹೇಳಲು ಇಬ್ಬರೂ ಬಾಯಿ ತೆರೆದರು. ಗುಮಾಸ್ತ ಬಾಗಿಲಿನಿಂದ ತಲೆ ಹೊರಹಾಕಿ, "ಶ್! ಒಳಗೆ ವಿಚಾರಣೆ ನಡೀತಿದೆ, ಮಾತಾಡಬಾರದು," ಎಂದು ಗದರಿದ. ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು. ಹಾಗೆ ಗದರಿಸಿಕೊಂಡು ಅದೆಷ್ಟು ಕಾಲವಾಗಿತ್ತು! ಹಲೋ ಅತ್ತೆಗೆ ಇದ್ದಕ್ಕಿದ್ದಂತೆ ಬಿಸಿ ವೈರಿನ ಆ ಹಳೆಯ ವಾಸನೆ ಬಂದಂತಾಯಿತು.

ಗುಬ್ಬಿ ಎದುರು ಗೋಡೆಯನ್ನೇ ನೋಡುತ್ತ, ತಲೆ ತಿರುಗಿಸದೆ, ತನ್ನ ಬಲಗೈಯ ತೋರುಬೆರಳನ್ನು ಬೆಂಚಿನ ಮೇಲಿದ್ದ ಹಲೋ ಅತ್ತೆಯ ಎಡಗೈಯ ಮೇಲೆ ಇಟ್ಟು ಒತ್ತಿದಳು. ಒಂದು ಸಲ. ಎರಡನೇ ಸಲ ಒತ್ತಲಿಲ್ಲ. ಬೆರಳು ಅಲ್ಲೇ ಇತ್ತು.

ಎಷ್ಟು ಹೊತ್ತಾಯಿತೋ. ಬಾಗಿಲು ತೆರೆದು ಪುಟ್ಟಿ ಹೊರಬಂದಳು. ಕೈಯಲ್ಲಿ ಕಾಗದ ಇರಲಿಲ್ಲ.

"ಹಾಕಲಿಲ್ಲ ಅತ್ತೆ," ಎಂದಳು. "ಬೇರೆ ಡಿಪೋಗೆ ಎತ್ತಿ ಹಾಕ್ತಾರಂತೆ, ಊರಾಚೆಗೆ. ಸಂಬಳ ಒಂದಿಷ್ಟು ಕಡಿಮೆಯಾಗುತ್ತೆ. ಆದ್ರೆ ಸಹಿ ಇಲ್ಲದೆ ಆ ಬಸ್ಸು ಹೊರಗೆ ಬಿಡಕ್ಕಾಗಲ್ಲ ಅಂತ ಮೇಲಿನ ಅಧಿಕಾರಿ ಹೇಳಿದ್ರು. ವರ್ಕ್‌ಶಾಪಿಗೆ ಕಳಿಸ್ತಾರೆ."

"ಆ ಮೆಕ್ಯಾನಿಕ್ ಬಂದು ಒಂದು ಮಾತು ಹೇಳಿದ್ರೆ ಇದೆಲ್ಲ ಯಾಕೆ ಬೇಕಿತ್ತು," ಎಂದು ಹಲೋ ಅತ್ತೆ ಹಲ್ಲು ಕಡಿದಳು.

"ಪಾಪ, ಅವನನ್ನ ಬೈಬೇಡ ಕಣೇ," ಎಂದಳು ಗುಬ್ಬಿ ಮೆಲ್ಲಗೆ. "ಅವನಿಗೆ ಇವತ್ತು ನಿದ್ದೆ ಬರಲ್ಲ."

ಹಲೋ ಅತ್ತೆ ಮುಂದೆ ಬೈಯಲಿಲ್ಲ. ಪುಟ್ಟಿ ಬೆಂಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತೆಯ ಮೊಣಕಾಲ ಮೇಲೆ ಗಲ್ಲವಿಟ್ಟಳು. "ಪೆನ್ನು ಕೈಗೆ ಕೊಟ್ರು ಅತ್ತೆ. ನಿಜ ಹೇಳ್ಬೇಕು ಅಂದ್ರೆ, ಹಾಕಿಬಿಡೋಣ ಅನ್ನಿಸ್ತು. ಒಳಗೆ ಹೋಗೋ ಮುಂಚೆ ಒಂದು ಸಲ ಫೋನು ನೋಡಿದ್ದೆ. ನಿನ್ನ ಹೆಸರು ಹಾಗೇ ಇತ್ತು. ಅದು ಜ್ಞಾಪಕ ಬಂತು."

ಮನೆಗೆ ಹೊರಡಲು ಗುಬ್ಬಿ ಕೋಲಿಗೆ ಕೈಚಾಚಿದಳು. ಅದಕ್ಕಾಗಿ ಬೆರಳು ತೆಗೆಯಬೇಕಿತ್ತು.

"ಇರು," ಎಂದಳು ಹಲೋ ಅತ್ತೆ, ಅದರ ಮೇಲೆ ತನ್ನ ಇನ್ನೊಂದು ಕೈ ಮುಚ್ಚಿ. "ಈಗಲೇ ತೆಗೀಬೇಡ."